ಟಿಕೆಟ್ ಆದ ಸಾಲುಗಳು

ಕ್ರಿಸ್‌ಮಸ್ ಮುಗಿದ ಮರುದಿನ ಬೆಳಗ್ಗೆ ಐದೂವರೆಗೆ ಹೊಡೆಯಬೇಕಾಗಿದ್ದ ಅಲಾರಂ ಹೊಡೆಯಲಿಲ್ಲ. ನನಗೆ ಎಚ್ಚರವಾದಾಗ ಆರು ಹತ್ತು. ಎದ್ದವನೇ ಗಡಿಯಾರವನ್ನು ಹಿಡಿದು ಅಲುಗಾಡಿಸಿದೆ, ಹಿಂದಿನ ಮುಚ್ಚಳ ತೆಗೆದು ಬ್ಯಾಟರಿಯ ಮೂತಿ ಒರೆಸಿದೆ, ದರಿದ್ರದ್ದು ಎಂದು ಬೈದೆ. ಒಂದು ತಿಂಗಳಲ್ಲಿ ಇದು ಮೂರನೆಯ ಗಡಿಯಾರ.

"ಹೊಡೀತು," ಎಂದಳು ನನ್ನವಳು ಹೊದಿಕೆಯೊಳಗಿಂದಲೇ. "ಕಿರುಚಿ ಕಿರುಚಿ ಹೊಡೀತು. ಎದ್ದು ಬಂದು ನಾನೇ ಆಫ್ ಮಾಡ್ದೆ."

"ಹೊಡೆದಿದ್ರೆ ನಾನು ಏಳ್ತಿರಲಿಲ್ವಾ?"

ಅವಳು ಮಗ್ಗುಲು ಬದಲಿಸಿದಳು. ನನ್ನವಳು ಜಗಳಕ್ಕೆ ಬಂದರೆ ನನಗೆ ನೆಮ್ಮದಿ. ಸುಮ್ಮನಾದರೆ ಮಾತ್ರ ಮೈ ಪರಚಿಕೊಳ್ಳುವಂತಾಗುತ್ತದೆ. ನಿನ್ನೆ ಮಧ್ಯಾಹ್ನದಿಂದ ಮನೆಯಲ್ಲಿ ಎಲ್ಲರೂ ನನ್ನ ಹತ್ತಿರ ಹೀಗೇ ಸುಮ್ಮನಿದ್ದರು.

ಆದದ್ದು ಇಷ್ಟೆ. ಹಬ್ಬಕ್ಕೆಂದು ಮಗಳು, ಅಳಿಯ, ಮೊಮ್ಮಗಳು ಬಂದಿದ್ದರು. ಅಳಿಯ ಮಗುವಿಗೊಂದು ತಗಡಿನ ಹಕ್ಕಿ ತಂದಿದ್ದ. ಹೊಟ್ಟೆಯಲ್ಲಿರುವ ಕೀಲಿ ತಿರುಗಿಸಿದರೆ ರೆಕ್ಕೆ ಬಡಿಯುತ್ತದೆ, ಕೊಕ್ಕು ತೆರೆದು ಹಾಡುತ್ತದೆ. ಮೊಮ್ಮಗಳು ಅದನ್ನು ನನ್ನ ಮುಖದ ಹತ್ತಿರ ಹಿಡಿದು "ಹಾಡ್ತಾ ಇದೆ ನೋಡು ಅಜ್ಜ" ಎಂದಳು. ನೋಡಿದೆ. ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು, ರೆಕ್ಕೆ ಪಟಪಟ ಎನ್ನುತ್ತಿತ್ತು. ಹಾಡು ಇರಲಿಲ್ಲ. "ಬರೀ ಬಾಯಿ ಬಿಡ್ತಾ ಇದೆ ಪುಟ್ಟಿ, ಒಳಗೆ ಏನೋ ಸಿಕ್ಕಾಕ್ಕೊಂಡಿದೆ, ಕೊಡು ಇಲ್ಲಿ" ಎಂದೆ. ಅವಳು ಎದೆಗೆ ಅವಚಿಕೊಂಡಳು. ಅಡುಗೆಮನೆಯಿಂದ ಮಗಳು "ಅಪ್ಪಾ, ಅದು ಸರಿಯಾಗೇ ಇದೆ, ಬಿಡು" ಎಂದು ಕೂಗಿದಳು. ನಾನು ಬಿಡುವ ಜಾತಿಯವನೇ? ಮೂವತ್ತೆಂಟು ವರ್ಷದಿಂದ ರೇಡಿಯೋ ರಿಪೇರಿ ಅಂಗಡಿ ನಡೆಸುತ್ತಿರುವವನು. ಕೆಟ್ಟಿರುವುದು ಯಾವಾಗಲೂ ವಸ್ತು ಎಂದು ನಂಬಿಯೇ ಹೊಟ್ಟೆ ಹೊರೆದವನು. ಸ್ಕ್ರೂಡ್ರೈವರ್ ತಂದು ಹಕ್ಕಿಯ ಹೊಟ್ಟೆ ಬಿಚ್ಚಿಯೇಬಿಟ್ಟೆ. ಸ್ಪ್ರಿಂಗ್ ಚಂಗನೆ ಹಾರಿ ಸೋಫಾದ ಕೆಳಗೆ ಸೇರಿತು, ಹಾಡಿಗೆ ಗಾಳಿ ಊದುವ, ಉಗುರಿನಷ್ಟು ಸಣ್ಣ ಚರ್ಮದ ತಿದಿ ಕಳಚಿ ಕೈಗೆ ಬಂತು. ಒಳಗೆ ಏನೂ ಸಿಕ್ಕಿಕೊಂಡಿರಲಿಲ್ಲ. ಮಗು ಬಿಕ್ಕಿ ಬಿಕ್ಕಿ ಅತ್ತಿತು. ಅಳು ಮಾತ್ರ ನನಗೆ ಚೆನ್ನಾಗಿ ಕೇಳಿಸಿತು.

ರಾತ್ರಿ ಊಟಕ್ಕೆ ಕುಳಿತಾಗ ಯಾರೂ ಬೈಯಲಿಲ್ಲ. ಮಗಳು ಹೆಂಡತಿಯ ಮುಖ ನೋಡಿದಳು, ಹೆಂಡತಿ ತಟ್ಟೆ ನೋಡಿದಳು. ಸರಿ ಮಾಡಿ ಕೊಡ್ತೀನಿ ಎಂದು ನಾನು ಸ್ಪ್ರಿಂಗನ್ನೂ ಹುಡುಕಿ ತೆಗೆದು, ಹಕ್ಕಿಯ ಚೂರುಗಳನ್ನೆಲ್ಲ ಬೆಂಕಿಪೊಟ್ಟಣವೊಂದಕ್ಕೆ ತುಂಬಿ, ಖಾಲಿ ಹಕ್ಕಿಯ ಜೊತೆಗೆ ಜಾಕೆಟ್ಟಿನ ಜೇಬಿಗೆ ಹಾಕಿಕೊಂಡೆ. ಆದರೆ ಕೆಡದೇ ಇರುವುದನ್ನು ಸರಿ ಮಾಡುವುದು ಹೇಗೆ? ಇಡೀ ಜೀವಮಾನದಲ್ಲಿ ಅಂಥ ಕೆಲಸ ನನ್ನ ಮೇಜಿಗೆ ಬಂದಿರಲಿಲ್ಲ.

ಅದೇ ಜಾಕೆಟ್ ಹಾಕಿಕೊಂಡು, ಕಡ್ಡಿಯಂತ್ರವನ್ನು ಹೆಗಲಿಗೇರಿಸಿ, ಟೀ ಸಹ ಕುಡಿಯದೆ ಬಸ್ ಹಿಡಿದೆ.

ಕಡ್ಡಿಯಂತ್ರದ ವಿಷಯ ಹೇಳಬೇಕು. ಹನ್ನೊಂದು ವರ್ಷದಿಂದ ನಾವು ಮೂವರು ಗೆಳೆಯರು ಕ್ರಿಸ್‌ಮಸ್ಸಿನ ಮರುದಿನ ಸಮುದ್ರದ ದಂಡೆಗೆ ನಿಧಿ ಹುಡುಕಲು ಹೋಗುತ್ತೇವೆ. ಹಬ್ಬದ ದಿನ ಊರಿಗೆ ಊರೇ ಅಲ್ಲಿ ನೆರೆಯುತ್ತದೆ. ಮಕ್ಕಳ ನಾಟಕ, ಹಾಡು, ಕುರ್ಚಿ ಎಳೆದಾಟ, ಓಡಾಟ. ಅಷ್ಟು ಜನ ಸೇರಿದ ಕಡೆ ಏನಾದರೂ ಉದುರದೆ ಇರುತ್ತದೆಯೇ? ಬೀಗದ ಕೈ, ಉಂಗುರ, ನಾಣ್ಯ, ಒಮ್ಮೆ ಯಾರದೋ ಕಟ್ಟಿಸಿದ ಹಲ್ಲಿನ ತಂತಿ. ಸಿಕ್ಕಿದ್ದನ್ನೆಲ್ಲ ಬಿಸ್ಕತ್ತಿನ ಡಬ್ಬಿಗೆ ಹಾಕಿ, ನಮ್ಮಲ್ಲೊಬ್ಬಳಾದ ಟೈಲರಮ್ಮನ ಅಂಗಡಿಯ ಗಾಜಿನ ಮೇಲೆ ಚೀಟಿ ಅಂಟಿಸುತ್ತೇವೆ. ಕಳೆದುಕೊಂಡವರು ಬಂದು ಗುರುತು ಹೇಳಿ ಒಯ್ಯುತ್ತಾರೆ. ಯಾರೂ ಬಾರದ್ದು ಡಬ್ಬಿಯಲ್ಲೇ ಉಳಿಯುತ್ತದೆ.

ಮರಳಿನೊಳಗಿನ ಲೋಹ ಪತ್ತೆಹಚ್ಚುವ ಈ ಯಂತ್ರ ನಾನೇ ಮಾಡಿದ್ದು. ಒಂದು ಕೋಲು, ಅದರ ತುದಿಗೆ ತಟ್ಟೆಯಗಲದ ತಂತಿಯ ಸುರುಳಿ, ಹಿಡಿಯ ಹತ್ತಿರ ಹಳೆಯ ಟ್ರಾನ್ಸಿಸ್ಟರಿನ ಪೆಟ್ಟಿಗೆ. ಮುಳ್ಳು, ಪರದೆ ಏನಿಲ್ಲ, ಸದ್ದು ಒಂದೇ. ಕಬ್ಬಿಣವಾದರೆ ಗುರ್ರೆನ್ನುತ್ತದೆ, ಬೆಳ್ಳಿ, ನಾಣ್ಯದಂಥದ್ದಾದರೆ ಕುಂಯ್ ಎಂದು ಕೂಗುತ್ತದೆ. ಸಮುದ್ರದ ಮೊರೆತ ದಪ್ಪ, ಅದನ್ನು ಸೀಳಿಕೊಂಡು ಬರಬೇಕಾದರೆ ಕೂಗು ಸೂಜಿಯಷ್ಟು ತೆಳ್ಳಗಿರಬೇಕು ಎಂದು ನಾನೇ ಹಾಗೆ ಕೂರಿಸಿದ್ದೆ. ಹೆಡ್‌ಫೋನ್ ಒಂದೇ. ಇಬ್ಬರು ಕೇಳಿದರೆ ಇಬ್ಬರದೂ ಒಂದೊಂದು ತಕರಾರು ಎಂದು ಎರಡನೆಯದಕ್ಕೆ ಜಾಗವನ್ನೇ ಬಿಟ್ಟಿರಲಿಲ್ಲ.

ಆದ್ದರಿಂದ ನಮ್ಮಲ್ಲಿ ಕೆಲಸ ಹಂಚಿಹೋಗಿತ್ತು. ನಾನು ಕಿವಿ. ಹೆಸರೇ ಅದಾಗಿಹೋಗಿತ್ತು, ಕಿವಿಯಣ್ಣ. ಅಗೆಯುವವನು ಕಂಡಕ್ಟರ್. ಮೂವತ್ತು ವರ್ಷ ಬಸ್ಸಿನಲ್ಲಿ ದುಡಿದು ನಿವೃತ್ತನಾದವನು, ಆದರೂ ನಾಲಿಗೆ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ಟೈಲರಮ್ಮನದು ಜರಡಿ. ನಮಗಿಂತ ಹತ್ತು ವರ್ಷ ಚಿಕ್ಕವಳು, ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣುವ ಕಣ್ಣು. ನಾನು ನಡೆದ ಕಡೆ ಕಂಡಕ್ಟರ್ ಹಿಮ್ಮಡಿಯಿಂದ ಮರಳಿನ ಮೇಲೆ ಗೆರೆ ಎಳೆಯುತ್ತಾನೆ. ಒಂದು ಸಾಲು ಮುಗಿದ ಕೂಡಲೆ "ಟಿಕೆಟ್ ಆಯ್ತು!" ಎಂದು ಕೂಗುತ್ತಾನೆ. ಟಿಕೆಟ್ ಆದ ಸಾಲನ್ನು ಮತ್ತೆ ಯಾರೂ ಮುಟ್ಟುವಂತಿಲ್ಲ. ಕಿವಿ ಇಲ್ಲ ಎಂದರೆ ಇಲ್ಲ, ಹನ್ನೊಂದು ವರ್ಷದಲ್ಲಿ ಒಂದು ಸಲವೂ ಯಾರೂ ಮರುಪ್ರಶ್ನೆ ಹಾಕಿರಲಿಲ್ಲ.

ದಂಡೆಗೆ ಹೋದಾಗ ಇಬ್ಬರೂ ಕಾದಿದ್ದರು. ಕಂಡಕ್ಟರ್ ಗುದ್ದಲಿಯ ಮೇಲೆ ಗದ್ದ ಊರಿ ನಿಂತಿದ್ದ. "ಬರ್ಬೇಕು ಸ್ವಾಮಿ. ಇನ್ನು ಹತ್ತು ನಿಮಿಷ ತಡವಾಗಿದ್ರೆ ಮುಂದಿನ ಕ್ರಿಸ್‌ಮಸ್ಸೇ ಬರ್ತಿತ್ತು."

"ಅಲಾರಂ ಕೆಟ್ಟಿತ್ತು."

"ಮತ್ತೆ?" ಎಂದು ಅವನು ಹಲ್ಲು ಕಿರಿದ.

ಟೈಲರಮ್ಮ ನಗಲಿಲ್ಲ. ಕಣ್ಣು ಕೆಂಪಾಗಿದ್ದವು. ಬಲಗೈಯ ನಡುಬೆರಳನ್ನು ನನ್ನ ಮುಂದೆ ಹಿಡಿದಳು. ಬೆರಳ ತುದಿ ಬಿಳಿಚಿಕೊಂಡು, ನೀರಿನಲ್ಲಿ ನೆನೆದಂತೆ ಸುಕ್ಕುಗಟ್ಟಿತ್ತು. ಆ ತುದಿ ನಾನು ನೋಡುತ್ತಿದ್ದದ್ದು ಅದೇ ಮೊದಲು. ಅವಳು ಹೊಲಿಯುವಾಗ ಸೂಜಿ ಚುಚ್ಚದಿರಲೆಂದು ಹಾಕಿಕೊಳ್ಳುವ ಬೆಳ್ಳಿಯ ಬೆರಳಟೋಪಿ ಯಾವಾಗಲೂ ಅಲ್ಲಿರುತ್ತಿತ್ತು.

"ಕಳ್ಕೊಂಡೆ ಅಣ್ಣ. ನಿನ್ನೆ ಸಂಜೆ, ಇಲ್ಲೇ."

ನಿನ್ನೆಯ ನಾಟಕದ ಬಟ್ಟೆಗಳೆಲ್ಲ ಅವಳದೇ ಹೊಲಿಗೆ. ನಾಟಕ ಶುರುವಾಗುವುದಕ್ಕೆ ಐದು ನಿಮಿಷ ಇರುವಾಗ ದೇವದೂತನಾಗಬೇಕಾಗಿದ್ದ ಹುಡುಗಿಯ ರೆಕ್ಕೆ ಕಿತ್ತುಬಂತು. ಟೈಲರಮ್ಮ ಮರಳಿನ ಮೇಲೆ ಮಂಡಿಯೂರಿ, ಹುಡುಗಿಯನ್ನು ನಿಲ್ಲಿಸಿಕೊಂಡೇ ಹೊಲಿದಳು. ಅಷ್ಟರಲ್ಲಿ ಇನ್ನೊಬ್ಬಳ ಅಂಚು ಬಿಚ್ಚಿತೆಂದು ಕರೆ ಬಂತು, ಓಡಿದಳು. ಆ ಗಡಿಬಿಡಿಯಲ್ಲಿ ಟೋಪಿ ಎಲ್ಲೋ ಜಾರಿತ್ತು. ರಾತ್ರಿಯೇ ವೇದಿಕೆ ಕಿತ್ತುಹಾಕಿದ್ದರು. ಬೆಳಗ್ಗೆ ಬಂದು ನೋಡಿದರೆ ಎಲ್ಲ ಕಡೆ ಒಂದೇ ಮರಳು, ಸಾವಿರ ಹೆಜ್ಜೆ.

"ಇನ್ನೊಂದು ತಗೊಂಡ್ರಾಯ್ತು ಬಿಡಿ," ಎಂದ ಕಂಡಕ್ಟರ್, ಸಮಾಧಾನ ಮಾಡುವವನಂತೆ.

"ಅದು ನಮ್ಮಮ್ಮಂದು. ಅವಳು ಹಾಕ್ಕೊಂಡು ಹಾಕ್ಕೊಂಡು ಒಳಗೆಲ್ಲ ಅವಳ ಬೆರಳಿನ ಅಚ್ಚು ಬಿದ್ದಿತ್ತು. ಮೊದಮೊದಲು ನನಗೆ ಕೂರ್ತಾನೇ ಇರಲಿಲ್ಲ, ಸಡಿಲ ಆಗ್ತಿತ್ತು. ಬಟ್ಟೆ ಚೂರು ತುರುಕಿ ಹಾಕ್ಕೊಳ್ತಿದ್ದೆ. ಹತ್ತು ವರ್ಷ ಆದ್ಮೇಲೆ ತಾನಾಗಿ ಸರಿಹೋಯ್ತು." ಅವಳು ಬೆರಳನ್ನು ಮುಚ್ಚಿಕೊಂಡಳು. "ನೀವಿದ್ದೀರಲ್ಲ ಕಿವಿಯಣ್ಣ. ಬೆಳ್ಳಿ ಎಲ್ಲಿದ್ರೂ ನಿಮ್ಮಿಂದ ತಪ್ಪಿಸಿಕೊಳ್ಳಲ್ಲ. ಅದೊಂದೇ ಧೈರ್ಯ."

ಹಾಗೆ ಅವಳು ಅಂದಾಗ ಜೇಬಿನೊಳಗಿನ ಬೆಂಕಿಪೊಟ್ಟಣ ನನ್ನ ಕೈಗೆ ತಗುಲಿತು. ಕೈ ಹಿಂದಕ್ಕೆಳೆದುಕೊಂಡೆ.

ಸಮಯ ಬೇರೆ ಹೆಚ್ಚಿಗೆ ಇರಲಿಲ್ಲ. ಮಧ್ಯಾಹ್ನ ಮೂರಕ್ಕೆ ನಗರಸಭೆಯ ಟ್ರಾಕ್ಟರ್ ಬಂದು ದಂಡೆಯ ಮೇಲ್ಮರಳನ್ನು ಕಸದ ಸಮೇತ ಬಾಚಿ ಲಾರಿಗೆ ತುಂಬುತ್ತದೆಂದು ಕಂಬಕ್ಕೆ ಫಲಕ ನೇತುಹಾಕಿದ್ದರು. ವೇದಿಕೆ ಇದ್ದ ಕಡೆಯಿಂದ ದೀಪದ ಕಂಬದವರೆಗೆ ಸಾಲು ಹಾಕಿಕೊಂಡು ಶುರು ಮಾಡಿದೆವು.

ಮೊದಲ ಸಾಲಿನಲ್ಲಿ ಒಂದು ಮೊಳೆ ಸಿಕ್ಕಿತು. ಎರಡನೆಯದರಲ್ಲಿ ಎರಡು ಮೊಳೆ, ಒಂದು ಬಾಟಲಿಯ ಮುಚ್ಚಳ. ಮೂರು, ನಾಲ್ಕು, ಐದು. ಗುರ್ರ್, ಗುರ್ರ್. ಕಂಡಕ್ಟರ್ ಅಗೆದ, ಟೈಲರಮ್ಮ ಜರಡಿ ಹಿಡಿದಳು, ಮತ್ತೆ ಮೊಳೆ. ವೇದಿಕೆ ಬಡಿದವರು ಅರ್ಧ ಮೊಳೆಯನ್ನು ಮರಳಿಗೇ ಬಡಿದಿದ್ದರೋ ಏನೋ.

"ಟಿಕೆಟ್ ಆಯ್ತು! ಏನ್ ಕಿವಿಯಣ್ಣ, ಈ ಸಲ ಮೊಳೆ ಅಂಗಡಿ ಇಡೋಣ್ವಾ? ಹೋದ ವರ್ಷಾನೂ ಇದೇ ಕಥೆ ಆಯ್ತಲ್ಲ."

ಹೋದ ವರ್ಷವೂ ಇದೇ ಕಥೆ. ಅದರ ಹಿಂದಿನ ವರ್ಷ ಎರಡೋ ಮೂರೋ ಸಿಕ್ಕಿದ್ದವು. ಈಗಿನ ಜನ ನಾಣ್ಯ ಎಲ್ಲಿ ಇಟ್ಟುಕೊಳ್ತಾರೆ, ಒಡವೆ ಎಲ್ಲಿ ಹಾಕ್ಕೊಳ್ತಾರೆ ಎಂದು ನಾನೇ ಆಗ ವ್ಯಾಖ್ಯಾನ ಕೊಟ್ಟಿದ್ದೆ. ಇಬ್ಬರೂ ಹೌದೆಂದು ತಲೆಯಾಡಿಸಿದ್ದರು.

ಎಂಟನೆಯ ಸಾಲಿಗೆ ಬರುವಷ್ಟರಲ್ಲಿ ನಿಂತಲ್ಲಿ ನಿಲ್ಲಲಾರದಂತಾಯಿತು. ಹೆಡ್‌ಫೋನ್ ತೆಗೆದೆ, ಹಾಕಿದೆ, ಎಡಬಲ ಅದಲುಬದಲು ಮಾಡಿದೆ. ವಯರಿನ ಬುಡ ಹಿಂಡಿದೆ. ಸುರುಳಿಯನ್ನು ಟವೆಲಿನಿಂದ ಒರೆಸಿದೆ. ಬೇಗ ಬೇಗ ನಡೆದೆ, ಆಮೇಲೆ ಬೇಗ ನಡೆದದ್ದಕ್ಕೇ ತಪ್ಪಿರಬಹುದೆಂದು ನಿಧಾನ ಮಾಡಿದೆ. ಹಿಂದೆ ಟೈಲರಮ್ಮ ಜರಡಿ ಹಿಡಿದು ಬರುತ್ತಿದ್ದಳು. ಪ್ರತಿ ಮೊಳೆಗೂ ಅವಳ ಕತ್ತು ಮುಂದಕ್ಕೆ ಚಾಚುತ್ತಿತ್ತು. ಮೊಳೆ ಎಂದು ಕಂಡ ಕೂಡಲೆ ಹಿಂದಕ್ಕೆ ಹೋಗುತ್ತಿತ್ತು. ಅದನ್ನು ನೋಡುವುದು ನನ್ನಿಂದಾಗಲಿಲ್ಲ.

"ಯಂತ್ರದಲ್ಲೇ ಏನೋ ಐಬಿದೆ," ಎಂದೆ. "ನೀವು ಟೀ ಕುಡ್ಕೊಂಡು ಬನ್ನಿ. ಬಿಚ್ಚಿ ನೋಡ್ತೀನಿ."

ಗಂಟೆ ಹನ್ನೊಂದು. ಅವರಿಬ್ಬರೂ ರಸ್ತೆಯ ಕಡೆಗಿನ ಗೂಡಂಗಡಿಗೆ ಹೋದರು. ನಾನು ಕಲ್ಲುಬೆಂಚಿನ ಮೇಲೆ ಟವೆಲ್ ಹಾಸಿ ಪೆಟ್ಟಿಗೆ ಬಿಚ್ಚಿದೆ. ಬ್ಯಾಟರಿ ಹೊಸದು. ಬೆಸುಗೆಗಳೆಲ್ಲ ಗಟ್ಟಿ. ಸದ್ದಿನ ಕರೆಂಟು ಬರುತ್ತಿದೆಯೇ ಎಂದು ನೋಡಲು ಚೀಲದಿಂದ ಮೀಟರ್ ತೆಗೆದು, ಅದರ ಎರಡು ಕಡ್ಡಿಗಳನ್ನು ಹೆಡ್‌ಫೋನಿನ ತೂತಿಗೆ ಹಿಡಿದೆ. ಬಿಸ್ಕತ್ತಿನ ಡಬ್ಬಿಯ ತಳದಲ್ಲಿ ಆರು ವರ್ಷದ ಹಿಂದೆ ಸಿಕ್ಕಿದ್ದ, ಯಾರೂ ಕೇಳಿಕೊಂಡು ಬಾರದ ಬೆಳ್ಳಿಯ ಓಲೆಯೊಂದಿತ್ತು. ಅದು ಸಿಕ್ಕ ದಿನ ಯಂತ್ರ ಹೇಗೆ ಕೂಗಿತ್ತೆಂದರೆ ನಾನು ಬೆಚ್ಚಿಬಿದ್ದಿದ್ದೆ. ಆ ಓಲೆಯನ್ನು ತಂದು ಸುರುಳಿಯ ಕೆಳಗಿಟ್ಟೆ.

ಮೀಟರಿನ ಮುಳ್ಳು ಹಾರಿ ಆ ಕೊನೆಗೆ ಹೋಗಿ ನಿಂತಿತು.

ಹೆಡ್‌ಫೋನ್ ಸಿಕ್ಕಿಸಿ ಕಿವಿಗೆ ಒತ್ತಿದೆ. ಒಳಗೆ ಏನೂ ಇಲ್ಲ. ಹೊರಗಿನ ಸಮುದ್ರ ಮಾತ್ರ. ಓಲೆ ತೆಗೆದು ಮೊಳೆಯಿಟ್ಟೆ. ಗುರ್ರ್ ಎಂದು ಸ್ಪಷ್ಟವಾಗಿ ಕೇಳಿಸಿತು. ಮೊಳೆ ತೆಗೆದು ಮತ್ತೆ ಓಲೆಯಿಟ್ಟೆ. ಹೀಗೆ ಏಳೆಂಟು ಸಲ. ಯಂತ್ರ ಕಿರುಚುತ್ತಿತ್ತು, ಗಡಿಯಾರಗಳು ಕಿರುಚಿದಂತೆ, ಹಕ್ಕಿ ಹಾಡಿದಂತೆ. ತೆಳ್ಳನೆಯ ಕೂಗೆಲ್ಲ ಕೇಳದೆ ಇದ್ದವನು ನಾನು.

ಆ ಹೊತ್ತಿನಲ್ಲಿ ನನಗೆ ಮೊದಲು ಹುಟ್ಟಿದ್ದು ದುಃಖವಲ್ಲ, ಭಯ. ಕಿವಿ ಕೇಳದವನ ಕೈಗೆ ರೇಡಿಯೋ ಕೊಡುವವರು ಯಾರು? ಮಳೆಗಾಲದಿಂದೀಚೆಗೆ ನಾಲ್ಕು ಜನ ರಿಪೇರಿಯಾದ ರೇಡಿಯೋ ವಾಪಸ್ ತಂದಿದ್ದರು, ಸಣ್ಣಗೆ ಶಿಳ್ಳೆ ಹೊಡೀತಿದೆ ಅಂತ. ಅದರಲ್ಲಿ ಒಬ್ಬ ಮುದುಕಿಗಂತೂ, ಶಿಳ್ಳೆ ರೇಡಿಯೋದಲ್ಲಿಲ್ಲ ತಾಯಿ, ನಿಮ್ಮ ತಲೆಯಲ್ಲಿದೆ ಎಂದು ಹೇಳಿ ಕಳಿಸಿದ್ದೆ. ಆಕೆಯ ಪೆಚ್ಚು ಮುಖ ಈಗ ಕಣ್ಣೆದುರು ಬಂದು ನಿಂತಿತು.

ಅವರು ಬರುತ್ತಿರುವುದು ಕಂಡಿತು. ನನಗಾಗಿ ಒಂದು ಲೋಟ ಟೀ ಟೈಲರಮ್ಮನ ಕೈಯಲ್ಲಿತ್ತು, ಚೆಲ್ಲದಂತೆ ಅದನ್ನೇ ನೋಡಿಕೊಂಡು ಬರುತ್ತಿದ್ದಳು. ನಾನು ಗಡಿಬಿಡಿಯಿಂದ ಮುಚ್ಚಳ ಹಾಕಿದೆ.

"ಏನಾಗಿತ್ತು?" ಎಂದಳು.

ಹೇಳಬೇಕಿತ್ತು. ಬಾಯಿ ಬೇರೆಯದನ್ನೇ ಹೇಳಿತು. "ಬ್ಯಾಟರಿ ಸ್ವಲ್ಪ ಇಳಿದಿತ್ತು. ಈಗ ಸರಿಯಾಯ್ತು."

"ಅಬ್ಬ," ಎಂದಳು ಅವಳು. ಬೆಳಗ್ಗೆಯಿಂದ ಅವಳ ಮುಖ ಅಷ್ಟು ಹಗುರಾದದ್ದು ಅದೇ ಮೊದಲು.

ಆಮೇಲಿನ ಮೂರೂವರೆ ಗಂಟೆಯ ನನ್ನ ಪಾಡು ಯಾರಿಗೂ ಬೇಡ. ಮೀಟರನ್ನೇ ಕೋಲಿಗೆ ಕಟ್ಟಿಕೊಂಡು ಮುಳ್ಳು ನೋಡುತ್ತ ಹುಡುಕಿದರೆ ಹೇಗೆ ಎಂದು ಒಮ್ಮೆ ಕದ್ದುಮುಚ್ಚಿ ಪ್ರಯತ್ನಿಸಿದೆ. ಕೋಲು ಆಡಿಸಿದರೆ ಮುಳ್ಳು ತನ್ನಷ್ಟಕ್ಕೆ ಕುಣಿಯುತ್ತದೆ, ಪ್ರಯೋಜನವಾಗಲಿಲ್ಲ. ಸರಿ, ಸುಮ್ಮನೆ ನಡೆದೆ. ಕೇಳಿಸುವವನ ಹಾಗೆ ತಲೆ ವಾಲಿಸಿಕೊಂಡು, ಹುಬ್ಬು ಗಂಟು ಹಾಕಿಕೊಂಡು ನಡೆದೆ. ಸಾಲಿನ ಕೊನೆಯಲ್ಲಿ ಇಲ್ಲ ಎಂದು ತಲೆಯಾಡಿಸಿದೆ. ಕಂಡಕ್ಟರ್ ಟಿಕೆಟ್ ಆಯ್ತು ಎಂದು ಕೂಗಿದ. ಒಂಬತ್ತು, ಹತ್ತು, ಹನ್ನೊಂದು. ಪ್ರತಿ ಸಲ ಈ ಸಾಲಿನ ಕೊನೆಗೆ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಕೊನೆ ಬರುತ್ತಿತ್ತು, ತಿರುಗುತ್ತಿದ್ದೆ. ಹೇಗೂ ಇಲ್ಲಿ ಬಿದ್ದಿರಲಿಕ್ಕಿಲ್ಲ, ಯಾರೋ ರಾತ್ರಿಯೇ ಎತ್ತಿಕೊಂಡು ಹೋಗಿರಬಹುದು ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಆ ವಕೀಲ ಗಟ್ಟಿ ಆಸಾಮಿಯೇನೂ ಅಲ್ಲ, ಹತ್ತು ಹೆಜ್ಜೆಗೆ ಬಾಯಿ ಮುಚ್ಚುತ್ತಿದ್ದ.

ಹತ್ತೊಂಬತ್ತನೆಯ ಸಾಲು ಮುಗಿಯಿತು. ದೀಪದ ಕಂಬಕ್ಕೆ ಇನ್ನು ನಾಲ್ಕೈದು ಸಾಲು ಬಾಕಿ ಇರುವಾಗ ರಸ್ತೆಯ ಕಡೆಯಿಂದ ದಡದಡ ಸದ್ದು ಬಂತು. ಟ್ರಾಕ್ಟರ್. ಎರಡೂಮುಕ್ಕಾಲಿಗೇ ಬಂದುಬಿಟ್ಟಿತ್ತು. ಹಿಂದೆ ಹಲ್ಲುಹಲ್ಲಿನ ದೊಡ್ಡ ಬಾಚಣಿಗೆ, ಅದರ ಹಿಂದೆ ಲಾರಿ. ಟೈಲರಮ್ಮ ಜರಡಿ ಬಿಟ್ಟು ಬರಿಗೈಯಿಂದ ಮರಳು ಕೆದಕತೊಡಗಿದಳು.

ಚಾಲಕ ಇಳಿದು ಬಂದ. ಮೃದು ಸ್ವಭಾವದವನು. ವಿಷಯ ಕೇಳಿ ತಲೆ ಕೆರೆದುಕೊಂಡ. "ಐದಕ್ಕೆ ಲಾರಿ ವಾಪಸ್ ಹೋಗ್ಬೇಕು ಸಾರ್, ನನ್ನ ಕೈಲಿಲ್ಲ. ಒಂದು ಕೆಲಸ ಮಾಡೋಣ. ನೀವು ಎಲ್ಲೆಲ್ಲಿ ನೋಡಿ ಆಗಿದೆಯೋ ಅಲ್ಲಿಂದ ನಾನು ಬಾಚ್ಕೊಂಡು ಬರ್ತೀನಿ. ಅಷ್ಟರಲ್ಲಿ ನೀವು ಉಳಿದದ್ದು ನೋಡ್ಕೊಳ್ಳಿ."

"ಭೇಷ್!" ಎಂದ ಕಂಡಕ್ಟರ್. ಅವನು ಗುದ್ದಲಿ ಎತ್ತಿ, ಹಿಂದೆ ಬಸ್ಸಿನ ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದ ಹಾಗೆಯೇ ಬೀಸಿದ. "ಇಗೋ, ಅಲ್ಲಿಂದ ಇಲ್ಲಿವರೆಗೆ ಹತ್ತೊಂಬತ್ತು ಸಾಲು, ಎಲ್ಲಾ ಟಿಕೆಟ್ ಆಗಿದೆ. ನಮ್ಮ ಕಿವಿಯಣ್ಣ ನೋಡಿದ್ದು ಅಂದ್ರೆ ಮತ್ತೆ ನೋಡೋ ಹಾಗೇ ಇಲ್ಲ. ಧಾರಾಳವಾಗಿ ಶುರು ಮಾಡಪ್ಪ. ರೈಟ್!"

ಚಾಲಕ ಹತ್ತಿ ಕುಳಿತ. ಬಾಚಣಿಗೆ ಕೆಳಗಿಳಿದು ಮರಳಿಗೆ ಕಚ್ಚಿತು. ಮೊದಲ ಸಾಲಿನ ಗೆರೆಯ ಮೇಲೆ ಚಕ್ರ ಹತ್ತಿತು. ಟೈಲರಮ್ಮ ಅತ್ತ ತಿರುಗಿ ಸಹ ನೋಡಲಿಲ್ಲ. ನಾನು ನೋಡಿದ ಜಾಗ, ಅವಳಿಗೆ ಅಲ್ಲಿ ನೋಡುವುದೇನಿದೆ? ಉಳಿದ ಸಾಲುಗಳ ಕಡೆಗೇ ಮುಖ ಮಾಡಿ, "ಬನ್ನಿ ಅಣ್ಣ, ಬೇಗ ಬನ್ನಿ" ಎಂದು ನನ್ನನ್ನು ಕರೆಯುತ್ತಿದ್ದಳು.

ಆ ನಂಬಿಕೆ ನೋಡಿದ ಮೇಲೆ ಅವಳ ಕಡೆ ಹೋಗಲಾಗದೆ ಟ್ರಾಕ್ಟರಿನ ಕಡೆ ತಿರುಗಿದೆ.

ಓಡಿದೆ. ಅರವತ್ತೆರಡರ ಕಾಲುಗಳು ಮರಳಿನಲ್ಲಿ ಎಷ್ಟು ಓಡುತ್ತವೋ ಅಷ್ಟು ಓಡಿ, ಟ್ರಾಕ್ಟರಿನ ಮುಂದೆ ಕೈ ಎರಡೂ ಚಾಚಿ ನಿಂತುಬಿಟ್ಟೆ. ಗಕ್ಕನೆ ಬ್ರೇಕ್ ಬಿತ್ತು.

"ನಿಲ್ಸಪ್ಪ! ನಿಲ್ಸು! ಆ ಸಾಲು ಯಾವುದೂ ಆಗಿಲ್ಲ!"

"ಏನಾಯ್ತೋ ನಿನಗೆ?" ಎಂದು ಕಂಡಕ್ಟರ್ ಓಡಿ ಬಂದ. "ನಾನೇ ಟಿಕೆಟ್ ಹಾಕಿದ್ದೀನಲ್ಲೋ!"

"ಹಾಕಿದ್ದೀಯ. ನಾನು ಹೇಳಿದೆ ಅಂತ ಹಾಕಿದ್ದೀಯ. ನನಗೆ ಕೇಳಿಸ್ತಾ ಇಲ್ಲ ಕಣೋ. ಬೆಳ್ಳಿಯ ಸದ್ದು ಕೇಳಿಸ್ತಾನೇ ಇಲ್ಲ. ಯಂತ್ರ ಸರಿಯಾಗೇ ಇದೆ. ಕೆಟ್ಟಿರೋದು ನಾನು."

ಮೊದಲ ಬಾರಿಗೆ ಕಂಡಕ್ಟರನ ನಾಲಿಗೆ ಡ್ಯೂಟಿ ಬಿಟ್ಟಿತು. ಟೈಲರಮ್ಮ ಎದ್ದು ಬಂದಳು. ಮೊಣಕೈವರೆಗೆ ಮರಳು ಮೆತ್ತಿತ್ತು.

"ಯಾವಾಗ ಗೊತ್ತಾಯ್ತು?"

"ಹನ್ನೊಂದು ಗಂಟೆಗೆ."

"ನಾನು ಟೀ ತಂದಾಗ?"

"ಹೂಂ."

"ಈಗ ಗಂಟೆ ಮೂರಾಗ್ತಾ ಬಂತು."

ಪರವಾಗಿಲ್ಲ ಅಣ್ಣ ಎನ್ನುತ್ತಾಳೇನೋ ಎಂದು ಒಂದು ಕ್ಷಣ ಆಸೆಪಟ್ಟೆ, ಸುಳ್ಳು ಹೇಳುವುದಿಲ್ಲ. ಅವಳು ಹಾಗೆ ಅನ್ನಲಿಲ್ಲ. ತುಟಿ ಕಚ್ಚಿಕೊಂಡು, ನನ್ನ ತಲೆಯಿಂದ ಹೆಡ್‌ಫೋನನ್ನು ತಾನೇ ಕಿತ್ತುಕೊಂಡಳು. ಹೆಗಲಿಗೆ ಪಟ್ಟಿಯಲ್ಲಿ ನೇತುಬಿದ್ದಿದ್ದ ಕೋಲನ್ನೂ ತೆಗೆದುಕೊಂಡಳು. ಚಾಲಕನ ಕಡೆ ತಿರುಗಿ, "ಒಂದು ಗಂಟೆ ಕೊಡಿ ಅಣ್ಣ" ಎಂದಳು. ಅವನು ಎಂಜಿನ್ ಆರಿಸಿ, ಡಬ್ಬಿಯಿಂದ ಊಟ ತೆಗೆದ.

ಮೊದಲ ಸಾಲಿನಲ್ಲಿ ನಾಲ್ಕು ಹೆಜ್ಜೆ ನಡೆದಳೋ ಇಲ್ಲವೋ, ನಿಂತಳು. ಬೆಂಕಿ ತಗುಲಿದವಳಂತೆ ಹೆಡ್‌ಫೋನಿನ ಮೇಲೆ ಕೈಯಿಟ್ಟುಕೊಂಡು, "ಅಯ್ಯಪ್ಪಾ, ಏನಿದು ಹೀಗೆ ಕೂಗುತ್ತೆ!" ಎಂದಳು. ಕಂಡಕ್ಟರ್ ಅಗೆದ. ಜರಡಿ ಹಿಡಿಯುವವರಿಲ್ಲದೆ ಬಿದ್ದಿತ್ತು, ನಾನು ಎತ್ತಿಕೊಂಡೆ. ಮರಳು ಇಳಿದ ಮೇಲೆ ಜರಡಿಯಲ್ಲಿ ಒಂದು ನಾಣ್ಯ ಉಳಿಯಿತು. ಇನ್ನು ಐದು ಹೆಜ್ಜೆಗೆ ಒಂದು ಸಣ್ಣ ಸರ. ಎರಡನೆಯ ಸಾಲಿನಲ್ಲಿ ಎರಡು ನಾಣ್ಯ, ಒಂದು ಮಗುವಿನ ಬಳೆ. ಬೆಳಗ್ಗೆ ನಾನು ತಲೆ ವಾಲಿಸಿಕೊಂಡು ಗಂಭೀರವಾಗಿ ನಡೆದುಹೋದ ಜಾಗಗಳು. ಮರಳಿನ ಮೇಲೆ ನನ್ನ ಚಪ್ಪಲಿಯ ಗುರುತು ಇನ್ನೂ ಇತ್ತು. ಒಂದೊಂದು ವಸ್ತುವನ್ನೂ ನಾನೇ ಎತ್ತಿ ಡಬ್ಬಿಗೆ ಹಾಕಬೇಕಾಯಿತು. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ನ್ಯಾಯಾಧೀಶನೂ ಯೋಚಿಸಲಾರ. ಹೋದ ವರ್ಷದ, ಅದರ ಹಿಂದಿನ ವರ್ಷದ ಸಾಲುಗಳಲ್ಲಿ ಯಾರ್ಯಾರದು ಎಷ್ಟೆಷ್ಟು ಹೀಗೆ ಕೂಗಿ ಕೂಗಿ ಲಾರಿ ಹತ್ತಿ ಹೋಗಿರಬೇಕು?

ನಾಲ್ಕನೆಯ ಸಾಲಿನ ನಡುವೆ ಅವಳು ನಿಂತಳು. ಸುರುಳಿಯನ್ನು ಹಿಂದೆ ಮುಂದೆ ಆಡಿಸಿದಳು. ಬೆರಳು ತೋರಿಸಿದಳು. ಕಂಡಕ್ಟರ್ ಗುದ್ದಲಿ ಪಕ್ಕಕ್ಕಿಟ್ಟು ಕೈಯಿಂದಲೇ ಮರಳು ತೋಡಿ ನನ್ನ ಜರಡಿಗೆ ಸುರಿದ. ಅಲ್ಲಾಡಿಸಿದೆ. ಮರಳು ಇಳಿಯಿತು. ಬೆರಳಟೋಪಿ ಬೋರಲಾಗಿ ಕೂತಿತ್ತು.

ಟೈಲರಮ್ಮ ಅದನ್ನು ತೆಗೆದುಕೊಂಡು ಒಳಗಿನ ಮರಳನ್ನು ಊದಿದಳು. ಸೆರಗಿನಿಂದ ಒರೆಸಿ ಬೆರಳಿಗೆ ಹಾಕಿಕೊಂಡಳು. ಒಮ್ಮೆ ತಿರುಗಿಸಿ ಕೂರಿಸಿದಳು. ಆಮೇಲೆ ಅಲ್ಲೇ ಮರಳಿನ ಮೇಲೆ ಕುಳಿತು ಅತ್ತಳು. ನಾನೂ ಅತ್ತೆ. ಕಂಡಕ್ಟರ್ ಸಮುದ್ರದ ಕಡೆ ತಿರುಗಿ ಅನಗತ್ಯವಾಗಿ ಕೆಮ್ಮಿದ.

ಉಳಿದ ಸಮಯದಲ್ಲಿ ಇನ್ನೂ ಎರಡು ಸಾಲು ಮುಗಿಸಿದೆವು. ಆಮೇಲೆ ಟ್ರಾಕ್ಟರ್ ತನ್ನ ಕೆಲಸ ಮಾಡಿತು.

ಬಸ್ ನಿಲ್ದಾಣಕ್ಕೆ ನಡೆಯುವಾಗ ತಡೆಯಲಾರದೆ ನಾನೇ ಕೇಳಿದೆ. "ಹೇಗಿತ್ತು ಅದರ ಸದ್ದು?"

ಟೈಲರಮ್ಮ ಬೆರಳಟೋಪಿಯನ್ನು ಒಮ್ಮೆ ತಿರುಗಿಸಿಕೊಂಡಳು. "ಸಿಟ್ಟು ಇನ್ನೂ ಇಳಿದಿಲ್ಲ ಅಣ್ಣ ನನಗೆ," ಎಂದಳು. ಆಮೇಲೆ, "ಹಕ್ಕಿಮರಿ ಕೂಗಿದ ಹಾಗಿತ್ತು. ಗೂಡಿನಲ್ಲಿ ಒಂದೇ ಬಿಟ್ಟು ಹೋದ್ರೆ ಕೂಗುತ್ತಲ್ಲ, ಹಾಗೆ." ನಿಲ್ದಾಣದ ಹತ್ತಿರ ಬಂದಾಗ, "ಮುಂದಿನ ವರ್ಷ ಜರಡಿ ನಿಮಗೆ. ಕಿವಿ ನಾನು" ಎಂದಳು.

ಹನ್ನೊಂದು ವರ್ಷದ ಪದವಿ ಒಂದೇ ಮಾತಿಗೆ ಹೋಯಿತು. ನೋವಾಗಲಿಲ್ಲ ಎಂದರೆ ಸುಳ್ಳು. ಆದರೆ ಮುಂದಿನ ವರ್ಷವೂ ಬನ್ನಿ ಎಂದಳಲ್ಲ ಎಂದು ಹಿಡಿದಿಟ್ಟುಕೊಂಡ ಉಸಿರು ಬಿಟ್ಟೆ.

ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕುಳಿತಳು, ನಾನೂ ಕಂಡಕ್ಟರೂ ಹಿಂದೆ. ಟಿಕೆಟ್ ಕೊಡಲು ಬಂದವನಿಗೆ ನಮ್ಮ ಕಂಡಕ್ಟರ್, ಚಿಲ್ಲರೆ ಎಡಗೈಯಲ್ಲಿ ಹಿಡ್ಕೋಬೇಕು ಕಣಪ್ಪ ಎಂದು ಪಾಠ ಶುರು ಮಾಡಿದ. ನಾನು ಜೇಬಿನಿಂದ ಹಕ್ಕಿಯನ್ನೂ ಬೆಂಕಿಪೊಟ್ಟಣವನ್ನೂ ತೆಗೆದೆ. ಕೆಡದೇ ಇದ್ದುದನ್ನು ಸರಿ ಮಾಡುವುದು ಹೇಗೆಂದು ಈಗ ಗೊತ್ತಿತ್ತು. ಹೇಗಿತ್ತೋ ಹಾಗೇ ಇಟ್ಟರೆ ಸಾಕು. ಮೊಣಕಾಲ ಮೇಲೆ ಟವೆಲ್ ಹಾಸಿ ತಿದಿಯನ್ನು ಅದರ ಕೊಳವೆಗೆ ಸಿಕ್ಕಿಸಿದೆ, ಸ್ಪ್ರಿಂಗನ್ನು ಅದರ ಗೂಟಕ್ಕೆ ಹಾಕಿದೆ, ಹೊಟ್ಟೆ ಮುಚ್ಚಿ ತಿರುಪು ಬಿಗಿದೆ. ಬಸ್ಸು ಕುಲುಕುತ್ತಿದ್ದರೂ ಕೈ ಒಂದು ಸಲವೂ ತಪ್ಪಲಿಲ್ಲ.

ಕೀಲಿ ತಿರುಗಿಸಿ ಅಂಗೈ ಮೇಲೆ ನಿಲ್ಲಿಸಿದೆ. ರೆಕ್ಕೆ ಬಡಿಯಿತು. ಕೊಕ್ಕು ತೆರೆಯಿತು, ಮುಚ್ಚಿತು. ಎಂಜಿನ್ನಿನ ಗುರುಗುರು ಬಿಟ್ಟರೆ ನನಗೆ ಏನೂ ಕೇಳಲಿಲ್ಲ. ನಿನ್ನೆಯ ಹಾಗೆಯೇ ಬೆರಳು ತಿರುಪಿನ ಕಡೆ ಹೋಗಲು ನೋಡಿತು. ಅದನ್ನು ತಡೆದು ಕಂಡಕ್ಟರನ ಮುಖ ನೋಡಿದೆ. ಪಾಠ ಅರ್ಧಕ್ಕೆ ನಿಂತಿತ್ತು.

"ಹಾಡ್ತಿದೆಯೇನೋ?"

ಅವನು ಗದ್ದದಿಂದ ಮುಂದೆ ತೋರಿಸಿದ. ಮುಂದಿನ ಸೀಟಿನವರು ತಿರುಗಿ ನೋಡುತ್ತಿದ್ದರು. ಅವರ ಮುಂದಿನವರೂ. ಬಾಗಿಲ ಬಳಿ ನಿಂತವರೂ ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತಿದ್ದರು. ಹೆಂಗಸರ ಸೀಟಿನಿಂದ ಟೈಲರಮ್ಮನೂ ತಿರುಗಿದ್ದಳು. ಅವಳು ನನ್ನ ಅಂಗೈ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಬೆಳ್ಳಿಯ ಬೆರಳನ್ನು ಎತ್ತಿ, ಕೇಳಿಸ್ತು ಎನ್ನುವ ಹಾಗೆ ತನ್ನ ಕಿವಿಗೆ ಎರಡು ಸಲ ತಟ್ಟಿದಳು.

ಹಕ್ಕಿ ನಿಂತಿತು. ನಾನು ಮತ್ತೆ ಕೀಲಿ ತಿರುಗಿಸಿದೆ.